ಏಳನೆಯ ಮಗುವಿಗೆ ಪರ್ಮಿಟ್ ಬೇಕು

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿರುವ ವೈಟ್ ಪ್ಲೇನ್ಸ್ ಎಂಬ ಊರಿನಲ್ಲಿ 1970ರ ದಶಕದ ಆರಂಭದಲ್ಲಿ ಒಂದು ಬಾಡಿಗೆ ಮನೆ ಕೋರ್ಟು ಮೆಟ್ಟಿಲು ಹತ್ತಿತು. ಮನೆಯಲ್ಲಿ ಗಂಡ, ಹೆಂಡತಿ, ಅವರ ಇಬ್ಬರು ಮಕ್ಕಳಿದ್ದರು. ಜೊತೆಗೆ ಅವರ ಆರೈಕೆಗೆ ಒಪ್ಪಿಸಿದ 10 ಮಕ್ಕಳು, ಅದರಲ್ಲಿ ಏಳು ಜನ ಒಡಹುಟ್ಟಿದವರು. ಮನೆ ಹಿಡಿದದ್ದು ಅಬಟ್ ಹೌಸ್ ಎಂಬ ಸಂಸ್ಥೆ. ದಿಕ್ಕಿಲ್ಲದ ಮಕ್ಕಳನ್ನು ಸಾಕಲು ಅದಕ್ಕೆ ರಾಜ್ಯ ಸರ್ಕಾರದ ಪರವಾನಗಿಯೇ ಇತ್ತು. ಆದರೂ ನಗರಾಡಳಿತ ಒಪ್ಪಲಿಲ್ಲ. ಈ ಬಡಾವಣೆ ಒಂದೊಂದು ಮನೆಗೆ ಒಂದೊಂದು ಕುಟುಂಬವೆಂದು ಮೀಸಲಾದದ್ದು. ಇಲ್ಲಿರುವುದು ಕುಟುಂಬವಲ್ಲ, ಒಂದೋ ಬೋರ್ಡಿಂಗ್ ಹೌಸು, ಇಲ್ಲವೇ ಧರ್ಮಸಂಸ್ಥೆ ಎಂದು ಅದು ವಾದಿಸಿತು.

ಈ ತಕರಾರು ಹುಟ್ಟುವುದಕ್ಕೆ ಎರಡು ಬೇರೆ ಬೇರೆ ಕಥೆಗಳು ಒಂದೇ ಬೀದಿಯಲ್ಲಿ ಎದುರಾಗಬೇಕಿತ್ತು.

ಮೊದಲನೆಯದು ಮಕ್ಕಳದು. 1853ರಲ್ಲಿ ಚಾರ್ಲ್ಸ್ ಲೋರಿಂಗ್ ಬ್ರೇಸ್ ನ್ಯೂಯಾರ್ಕಿನಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಕಟ್ಟಿದ. ಮರುವರ್ಷವೇ ಬೀದಿಪಾಲಾದ ಮಕ್ಕಳನ್ನು ರೈಲು ಹತ್ತಿಸಿ ಪಶ್ಚಿಮದ ರೈತ ಕುಟುಂಬಗಳಿಗೆ ಕಳಿಸುವ ಕೆಲಸ ಶುರುವಾಯಿತು. 1929ರವರೆಗೆ ಸುಮಾರು 2 ಲಕ್ಷ ಮಕ್ಕಳು ಹೀಗೆ ಹೋದರು. ಕೆಲವರಿಗೆ ಮನೆ ಸಿಕ್ಕಿತು, ಕೆಲವರು ಹೊಲದ ಆಳುಗಳಾದರು. 1909ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಕರೆದ ಸಮಾವೇಶ, ದೊಡ್ಡ ಅನಾಥಾಲಯಗಳಿಗಿಂತ ಮನೆಯ ವಾತಾವರಣವೇ ಮೇಲು ಎಂದು ಹೇಳಿತು. ಆದರೆ ಹರೆಯದ ಹುಡುಗರನ್ನಾಗಲಿ, ಐದಾರು ಒಡಹುಟ್ಟಿದವರನ್ನು ಒಟ್ಟಿಗಾಗಲಿ ಕರೆದುಕೊಳ್ಳುವ ಕುಟುಂಬ ಸಿಗುವುದು ಕಷ್ಟ. ಆ ಕೊರತೆಯನ್ನು ತುಂಬಲು ಬಂದದ್ದು ಗ್ರೂಪ್ ಹೋಮ್: ಸಾಮಾನ್ಯ ಬೀದಿಯಲ್ಲಿ ಸಾಮಾನ್ಯ ಮನೆ, ಅಲ್ಲಿ ಒಂದಷ್ಟು ಮಕ್ಕಳು, ನೋಡಿಕೊಳ್ಳಲು ದಂಪತಿ ಅಥವಾ ಸಂಬಳದ ಸಿಬ್ಬಂದಿ.

ಎರಡನೆಯದು ಜಮೀನಿನದು. ಯಾವ ಬೀದಿಯಲ್ಲಿ ಏನು ಕಟ್ಟಬಹುದು ಎಂದು ಇಡೀ ನಗರಕ್ಕೆ ಗೆರೆ ಎಳೆದ ಝೋನಿಂಗ್ ನಿಯಮ ನ್ಯೂಯಾರ್ಕಿನಲ್ಲಿ ಬಂದದ್ದು 1916ರಲ್ಲಿ. ಕ್ಲೀವ್‌ಲೆಂಡಿನ ಪಕ್ಕದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ನಿಯಮಗಳಿಗೆ ಮೊಹರು ಒತ್ತಿತು. ತೀರ್ಪು ಬರೆದ ನ್ಯಾಯಮೂರ್ತಿ ಸದರ್ಲೆಂಡ್ ಅಪಾರ್ಟ್‌ಮೆಂಟುಗಳ ಮೇಲೆ ಕೆಂಡ ಕಾರಿದರು. ಅವು ಬಿಸಿಲು, ಗಾಳಿ ತಡೆಯುತ್ತವೆ, ಮಕ್ಕಳಿಗೆ ಆಡಲು ಜಾಗ ಉಳಿಸುವುದಿಲ್ಲ ಎಂಬುದು ಅವರ ಕಾರಣಗಳಲ್ಲಿ ಒಂದು. ಮಕ್ಕಳ ಹೆಸರು ಹೇಳಿ ಗೆದ್ದ ಕಾನೂನು ಅರ್ಧ ಶತಮಾನ ಕಳೆಯುವುದರೊಳಗೆ ಮಕ್ಕಳನ್ನೇ ಬಡಾವಣೆಯಿಂದ ಆಚೆ ಹಾಕುವುದಕ್ಕೆ ಬಳಕೆಯಾಯಿತು.

1974ರ ಏಪ್ರಿಲ್‌ನಲ್ಲಿ ಗಾಳಿ ನಗರಾಡಳಿತಗಳ ಕಡೆಗೇ ಬೀಸಿತ್ತು. ಲಾಂಗ್ ಐಲೆಂಡಿನ ಬೆಲ್ ಟೆರ್ ಎಂಬ ಪುಟ್ಟ ಊರಿನ ಒಂದು ಮನೆಯಲ್ಲಿ ಆರು ಕಾಲೇಜು ವಿದ್ಯಾರ್ಥಿಗಳು ವಾಸವಾಗಿದ್ದರು. ರಕ್ತಸಂಬಂಧವಿಲ್ಲದ ಇಬ್ಬರಿಗಿಂತ ಹೆಚ್ಚು ಜನ ಒಂದು ಮನೆಯಲ್ಲಿ ಇರಕೂಡದು ಎಂಬ ಆ ಊರಿನ ನಿಯಮವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ವೈಟ್ ಪ್ಲೇನ್ಸಿನ ಮನೆಯ ವಿಚಾರ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮುಂದೆ ಬಂತು. ಕಾಲೇಜು ಹುಡುಗರು ಇಂದು ಬಂದು ನಾಳೆ ಹೋಗುವವರು. ಇಲ್ಲಿ ಒಂದು ಕುಟುಂಬದ ಹಾಗೆಯೇ ನೆಲೆಯಾಗಿ ಬಾಳುವ ಉದ್ದೇಶವಿದೆ ಎಂದು ನ್ಯಾಯಾಲಯ ವ್ಯತ್ಯಾಸ ಗುರುತಿಸಿತು. ಬಡಾವಣೆಯ ಸ್ವರೂಪ ಕಾಯುವುದು ನಗರದ ಕೆಲಸ, ಮನೆಯೊಳಗಿನವರ ರಕ್ತಸಂಬಂಧ ತಪಾಸಣೆ ಮಾಡುವುದಲ್ಲ ಎಂಬುದು ತೀರ್ಪಿನ ತಿರುಳು. ನಾಲ್ಕು ವರ್ಷದ ನಂತರ ಪೋರ್ಟ್ ವಾಷಿಂಗ್ಟನ್ನಿನ ಏಳು ಮಕ್ಕಳ ಮನೆಯೊಂದಕ್ಕೂ ಇದೇ ನ್ಯಾಯಾಲಯ ಇದೇ ರಕ್ಷಣೆ ಕೊಟ್ಟಿತು.

ರಕ್ತಸಂಬಂಧವಿದ್ದರೂ ಪಾರಾಗಲಾಗದು ಎಂದು ತೋರಿಸಿದ್ದು ಓಹಾಯೋದ ಈಸ್ಟ್ ಕ್ಲೀವ್‌ಲೆಂಡ್. ಅಲ್ಲಿನ ಇನೆಜ್ ಮೂರ್ ಎಂಬ ಅಜ್ಜಿ ತನ್ನ ಮಗ ಮತ್ತು ಇಬ್ಬರು ಮೊಮ್ಮಕ್ಕಳೊಡನೆ ಇದ್ದಳು. ಒಬ್ಬ ಮೊಮ್ಮಗ ತಾಯಿ ಸತ್ತ ಮೇಲೆ ಅಜ್ಜಿಯ ಮನೆ ಸೇರಿದವನು. ಮೊಮ್ಮಕ್ಕಳಿಬ್ಬರೂ ಒಂದೇ ತಂದೆಯ ಮಕ್ಕಳಲ್ಲವಾದ್ದರಿಂದ ನಗರದ ಲೆಕ್ಕದಲ್ಲಿ ಇದು ಕುಟುಂಬವಲ್ಲ. ಅಜ್ಜಿಗೆ ಐದು ದಿನ ಜೈಲು, 25 ಡಾಲರ್ ದಂಡ! 1977ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಹೊಡೆದುಹಾಕಿತು, ಅದೂ ಕೇವಲ ಒಂದು ಮತದ ಅಂತರದಲ್ಲಿ.

ಮೊಕದ್ದಮೆಯ ಮೇಲೆ ಮೊಕದ್ದಮೆ ಬೀಳುತ್ತಿದ್ದ ಆ ದಶಕದಲ್ಲಿ ಕೆಲವು ರಾಜ್ಯಗಳು ತಾವೇ ಕಾನೂನು ತಂದವು. ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಪಡೆದ ಮನೆಯಲ್ಲಿ ಆರು ಅಥವಾ ಅದಕ್ಕಿಂತ ಕಡಿಮೆ ಜನರಿದ್ದರೆ ಅದನ್ನು ಬೇರೆ ಯಾವುದೇ ಕುಟುಂಬದ ಮನೆಯ ಹಾಗೆಯೇ ಕಾಣಬೇಕು. ವಿಶೇಷ ಪರ್ಮಿಟ್ ಕೇಳುವಂತಿಲ್ಲ. ಸಿಬ್ಬಂದಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಮಿಷಿಗನ್ನಿನಲ್ಲೂ ಆರರದೇ ಲೆಕ್ಕ. ವೈಟ್ ಪ್ಲೇನ್ಸಿನ ಆ ಏಳು ಒಡಹುಟ್ಟಿದವರಿಗೆ ಈ ಲೆಕ್ಕ ಹಾಕಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳಬಹುದು.

ಏಳನೆಯವರು ಬಂದರೆ ನಗರಾಡಳಿತ ಷರತ್ತಿನ ಪರ್ಮಿಟ್ ಕೇಳಬಹುದು. ಅರ್ಜಿ, ಶುಲ್ಕ, ನಕ್ಷೆ, ಎಷ್ಟು ಕಾರಿಗೆ ಜಾಗವಿದೆ ಎಂಬ ವಿವರ. ಕ್ಯಾಲಿಫೋರ್ನಿಯಾದಲ್ಲಾದರೆ 300 ಅಡಿಯೊಳಗಿನ ಆಸ್ತಿ ಮಾಲೀಕರಿಗೆಲ್ಲ ಕನಿಷ್ಠ 10 ದಿನ ಮುಂಚೆ ನೋಟಿಸು ಹೋಗುತ್ತದೆ, ಆಮೇಲೆ ಬಹಿರಂಗ ಅಹವಾಲು ಸಭೆ. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಪಾರ್ಕಿಂಗ್, ಗಲಾಟೆ, ಮನೆಯ ಬೆಲೆ ಎನ್ನುತ್ತಾರೆ. ಪಾರ್ಕಿಂಗ್ ಬಗ್ಗೆ ಇಷ್ಟು ಮಾತಾಡುವುದು ಕಾರಿನ ಮೇಲಿನ ಚಿಂತೆಯಿಂದಲ್ಲ. ಮಕ್ಕಳ ಬಗೆಗಿನ ಭಯ ಕಡತದಲ್ಲಿ ನಿಲ್ಲುವುದಿಲ್ಲ, ಪಾರ್ಕಿಂಗ್ ನಿಲ್ಲುತ್ತದೆ.

ಇಂಥ ಕಾರಣಗಳನ್ನು ಎಳೆಎಳೆಯಾಗಿ ಬಿಡಿಸಿದ್ದು ಟೆಕ್ಸಸಿನ ಕ್ಲೀಬರ್ನ್ ಮೊಕದ್ದಮೆ. ಅಲ್ಲಿ ಮನೆ ಬೇಕಾಗಿದ್ದದ್ದು ಮಕ್ಕಳಿಗಲ್ಲ, ಬುದ್ಧಿಮಾಂದ್ಯತೆ ಇದ್ದ 13 ಜನರಿಗೆ. ಅದೇ ವಲಯದಲ್ಲಿ ಅಪಾರ್ಟ್‌ಮೆಂಟು, ಆಸ್ಪತ್ರೆ, ವೃದ್ಧರ ನರ್ಸಿಂಗ್ ಹೋಮ್ ಎಲ್ಲಕ್ಕೂ ಅವಕಾಶವಿತ್ತು. ಇವರಿಗೆ ಮಾತ್ರ ವಿಶೇಷ ಪರ್ಮಿಟ್ ಬೇಕಿತ್ತು, ಅದನ್ನೂ ಕೊಡಲಿಲ್ಲ. ಎದುರಿನ ಶಾಲೆಯ ಹುಡುಗರು ಪೀಡಿಸಿಯಾರು ಎಂಬುದು ಒಂದು ಕಾರಣ. 500 ವರ್ಷಕ್ಕೊಮ್ಮೆ ಬರಬಹುದಾದ ನೆರೆ ಇನ್ನೊಂದು! ಆ ಶಾಲೆಯಲ್ಲೇ ಬುದ್ಧಿಮಾಂದ್ಯತೆ ಇದ್ದ ಸುಮಾರು 30 ವಿದ್ಯಾರ್ಥಿಗಳು ಓದುತ್ತಿದ್ದರು. 1985ರಲ್ಲಿ ಸುಪ್ರೀಂ ಕೋರ್ಟ್ ಈ ನಿರಾಕರಣೆಯ ಹಿಂದಿರುವುದು ಬರೀ ಪೂರ್ವಗ್ರಹ ಎಂದಿತು. ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬ, ಇವೆರಡನ್ನೂ ವಸತಿ ತಾರತಮ್ಯ ನಿಷೇಧದ ವ್ಯಾಪ್ತಿಗೆ ತಂದ ತಿದ್ದುಪಡಿ 1988ರಲ್ಲಿ ಬಂತು.

ಈಚೆಗೆ ಒತ್ತಡ ಬಂದಿರುವುದು ಹಣದ ದಿಕ್ಕಿನಿಂದ. 2018ರ ಫ್ಯಾಮಿಲಿ ಫಸ್ಟ್ ಕಾಯ್ದೆಯ ಪ್ರಕಾರ ಮಗುವನ್ನು ಗ್ರೂಪ್ ಹೋಮಿನಲ್ಲಿ ಇರಿಸಿದರೆ ಎರಡು ವಾರದ ನಂತರ ಕೇಂದ್ರದ ಹಣ ನಿಲ್ಲುತ್ತದೆ. ಚಿಕಿತ್ಸೆಯ ವ್ಯವಸ್ಥೆ, ದಿನದ 24 ಗಂಟೆಯೂ ಲಭ್ಯರಿರುವ ದಾದಿಯರು, ಮಾನ್ಯತೆ ಇರುವಂಥ ಕೆಲವು ಬಗೆಯ ಮನೆಗಳಿಗಷ್ಟೇ ವಿನಾಯಿತಿ. ಹಾಗಾಗಿ ಇಂಥ ಮನೆಗಳಿಗೆ ಈಗ ಹೆಚ್ಚಾಗಿ ಬರಬೇಕಾದವರು ಮಾನಸಿಕವಾಗಿ ಜರ್ಜರಿತರಾದ, ಸಾಕುಮನೆಗಳಲ್ಲಿ ನಿಲ್ಲಲಾಗದ ಹರೆಯದವರು. ಅಹವಾಲು ಸಭೆಗಳಲ್ಲಿ ನೆರೆಯವರು ಮೊದಲಿನಿಂದಲೂ ಹೆದರುತ್ತ ಬಂದಿರುವುದು ಈ ವಯಸ್ಸಿನವರಿಗೇ.