ಬರ ತಂದಿಟ್ಟ ಮಕ್ಕಳು

ಬಾದಾಮಿಯ ಮೇಣಬಸದಿಗಳನ್ನು ನೋಡಲು ಬರುವವರಲ್ಲಿ ಗುಳೇದಗುಡ್ಡದವರೆಗೆ ಹೋಗುವವರು ಕಡಿಮೆ. ಹೋದವರೂ ಹೆಚ್ಚಾಗಿ ಖಣ ಕೊಳ್ಳಲು ಹೋಗುತ್ತಾರೆ. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣ ಎಂಬುದು ಈ ಭಾಗದ ಹೆಣ್ಣುಮಕ್ಕಳ ಹಳೆಯ ಲೆಕ್ಕ. ಈ ಮಗ್ಗದೂರಿಗೆ 1851ರಲ್ಲಿ ಬಾಸೆಲ್ ಮಿಶನ್ನಿನವರು ಬಂದು ನೆಲೆ ನಿಂತರು. 1834ರಲ್ಲಿ ಮಂಗಳೂರಿನಲ್ಲಿ ಇಳಿದವರು 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ ಹಿಡಿದು, ಅಲ್ಲಿಂದ ಮಲಪ್ರಭೆ ದಾಟಿ ಬಂದಿದ್ದರು. ಮಂಗಳೂರಿನ ಮಿಶನ್ ನಮಗೆ ಚೆನ್ನಾಗಿ ಗೊತ್ತು. 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು, ಹೆಂಚಿನ ಕಾರ್ಖಾನೆ ಎಂದು ಯಾರಾದರೂ ಹೇಳಿಯಾರು. ಬಯಲುಸೀಮೆಯ ಮಿಶನ್ನಿಗೆ ಹಾಗೆ ತೋರಿಸಿಕೊಳ್ಳುವಂಥದ್ದು ಕಡಿಮೆ. ಅದರ ಕಥೆ ಅಚ್ಚುಮೊಳೆಯದಲ್ಲ, ಮಕ್ಕಳದ್ದು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಎರಡು ಬಣ. ದಿಕ್ಕಿಲ್ಲದ ಮಕ್ಕಳನ್ನು ಎತ್ತಿ ಸಾಕಿದ ಪುಣ್ಯಾತ್ಮರೆಂದು ಒಂದು, ಹಸಿವಿನ ಸಂದು ನೋಡಿ ಮತಕ್ಕೆ ಸೆಳೆದ ಚತುರರೆಂದು ಇನ್ನೊಂದು. ಎರಡೂ ಬಣಗಳು ಒಂದು ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ: ಮಕ್ಕಳನ್ನು ತಂದದ್ದು ಮಿಶನರಿಗಳ ಸಂಕಲ್ಪ ಎಂದು. ನನಗೆ ಕಾಣುವುದು ಬೇರೆ. ಅನಾಥ ಮಕ್ಕಳ ಪಾಲನೆ ಈ ಸೀಮೆಯ ಮಿಶನ್ನಿನ ಯೋಜನೆಯಲ್ಲಿ ಮುಖ್ಯವಾಗಿ ಇರಲೇ ಇಲ್ಲ. ಬರ ಅದನ್ನು ಅವರ ಬಾಗಿಲಿಗೆ ತಂದಿಟ್ಟಿತು, ಆಮೇಲೆ ಆ ಮಕ್ಕಳು ಮಿಶನ್ನಿನ ಸ್ವರೂಪವನ್ನೇ ಬದಲಿಸಿದರು.

ಬರಕ್ಕೆ ಮುಂಚಿನ ದಶಕಗಳಲ್ಲಿ ಅವರು ಏನು ಮಾಡುತ್ತಿದ್ದರೆಂಬುದನ್ನು ನೋಡಿದರೆ ಇದು ತಿಳಿಯುತ್ತದೆ. ಅವರ ಕೆಲಸ ಉಪದೇಶ. ಸಂತೆ, ಜಾತ್ರೆ, ಚಾವಡಿಗಳಲ್ಲಿ ನಿಂತು ಮಾತಾಡುವುದು, ಜಂಗಮರೊಡನೆ ವಾದಿಸುವುದು, ಕನ್ನಡ ಕಲಿತು ಪುಸ್ತಿಕೆ ಹಂಚುವುದು. ಅವರ ಆಸೆಯೆಲ್ಲ ಬೆಳೆದವರ ಮೇಲೆ, ಅದರಲ್ಲೂ ಗುಂಪಾಗಿ ಬರಬಹುದಾದವರ ಮೇಲೆ. ಕಾಲಜ್ಞಾನದ ವಚನಗಳನ್ನು ನಂಬಿಕೊಂಡಿದ್ದ ಒಂದು ಪಂಥದವರು ತಮ್ಮ ಕಡೆ ಒಲಿದಾರೆಂದು ನಂಬಿ, 1841ರಲ್ಲಿ ಗದಗಿನ ಸಮೀಪದ ಮಲಸಮುದ್ರದಲ್ಲಿ ನೆಲ ಹಿಡಿದು ಕ್ರೈಸ್ತರ ಒಕ್ಕಲೂರು ಕಟ್ಟಹೊರಟರು. ನೆಲ ಸಿಕ್ಕಿತು, ಜನ ಬರಲಿಲ್ಲ. ಅದು ಸೋತದ್ದರಲ್ಲಿ ಆಶ್ಚರ್ಯವೂ ಇಲ್ಲ. ಬೆಳೆದ ಮನುಷ್ಯ ಒಬ್ಬನೇ ಇರುವುದಿಲ್ಲ. ಅವನ ಹಿಂದೆ ಕುಲವಿದೆ, ಬೀಗರಿದ್ದಾರೆ, ಸಾಲ ಕೊಟ್ಟವರಿದ್ದಾರೆ, ಊರ ಬಾವಿಯ ಹಕ್ಕಿದೆ. ಮತ ಬಿಟ್ಟವನು ಅವೆಲ್ಲವನ್ನೂ ಬಿಡಬೇಕಾಗುತ್ತಿತ್ತು, ಹೊಟ್ಟೆಪಾಡಿನ ಕಸುಬನ್ನೂ ಸೇರಿಸಿ. ಈ ತೊಡಕು ಬಾಸೆಲ್ಲಿನವರಿಗೆ ಅರ್ಥವಾಗಿತ್ತು. ಕರಾವಳಿಯಲ್ಲಿ 1851ರಲ್ಲಿ ಹಾಲರ್ ನೇಯ್ಗೆಯನ್ನೂ 1865ರಲ್ಲಿ ಪ್ಲೆಬ್ಸ್ಟ್ ಹೆಂಚಿನ ಕೆಲಸವನ್ನೂ ಆರಂಭಿಸಿದ್ದು ಇದೇ ತೊಡಕಿಗೆ ಉತ್ತರವಾಗಿ. ಆದರೆ ಮಗ್ಗವೇ ಉಸಿರಾದ ಗುಳೇದಗುಡ್ಡದಂಥ ಊರಲ್ಲಿ, ನೂಲು, ಸಾಲ, ಮಾರಾಟ ಎಲ್ಲವೂ ಸ್ಥಳೀಯ ಸಾವುಕಾರರ ಹಿಡಿತದಲ್ಲಿರುವಾಗ, ಮಗ್ಗ ಕೊಡುತ್ತೇವೆಂದು ಕರೆಯುವುದರಲ್ಲಿ ಎಷ್ಟು ಬಲವಿದ್ದೀತು? ಒಟ್ಟಿನಲ್ಲಿ ಫಸಲು ಬಡವಾಗಿತ್ತು.

1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಮರುವರ್ಷವೂ ಸೆಪ್ಟೆಂಬರಿನವರೆಗೆ ಮೋಡ ನೋಡುವುದೇ ಆಯಿತು. ಧಾತು ಸಂವತ್ಸರದಲ್ಲಿ ಹತ್ತಿದ ಬೆಂಕಿ ಈಶ್ವರ ಸಂವತ್ಸರ ಪೂರ್ತಿ ಉರಿಯಿತು. ಅದರ ಬೆನ್ನಿಗೆ ಜ್ವರ ಬಂತು, ಚೇತರಿಸಿಕೊಳ್ಳುವ ಪೈರಿಗೆ 1878-79ರಲ್ಲಿ ಇಲಿಗಳ ಹಾವಳಿ ಬಂತು. ಬಾದಾಮಿ, ಹುನಗುಂದ, ಬಾಗಲಕೋಟೆ ತಾಲೂಕುಗಳು ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿದ್ದವು. ಆ ಪ್ರಾಂತದಲ್ಲಿ ಬರದ ಪೆಟ್ಟು ಅತಿ ಜೋರಾಗಿ ಬಿದ್ದ ಜಿಲ್ಲೆಗಳಲ್ಲಿ ಕಲಾದಗಿ ಒಂದು. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆ 1881ರಲ್ಲಿ ಆರೂವರೆ ಲಕ್ಷವನ್ನೂ ಮುಟ್ಟಲಿಲ್ಲ. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಇಲ್ಲವಾದರು. ಎಲ್ಲರೂ ಸತ್ತರೆಂದಲ್ಲ, ನಿಜಾಮರ ಸೀಮೆಗೋ ಇನ್ನೆಲ್ಲಿಗೋ ಗುಳೇ ಹೋಗಿ ತಿರುಗಿ ಬಾರದವರೂ ಅದರಲ್ಲಿದ್ದಾರೆ. ಒಕ್ಕಲಿಗನಿಗೆ ಕಾಳು ಇಲ್ಲವಾದಾಗ ನೇಕಾರನಿಗೆ ಗಿರಾಕಿ ಇಲ್ಲವಾಗುತ್ತಾನೆ. ಹಗೇವಿನಲ್ಲಿ ನಾಲ್ಕು ಚೀಲ ಜೋಳವಿದ್ದ ರೈತನಿಗಿಂತ ಮೊದಲೇ ಖಣ ನೇಯುವವನ ಒಲೆ ಆರಿತ್ತು. ಕಲ್ಲು ಒಡೆದು ರೂಢಿಯಿಲ್ಲದ ಕೈಗಳು ಪರಿಹಾರ ಕಾಮಗಾರಿಯಲ್ಲಿ ಎಷ್ಟು ದಿನ ತಾಳಿಯಾವು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಮಕ್ಕಳು ಅನಾಥರಾದ ಬಗೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಮುಂದಿನ ವಾದಗಳೆಲ್ಲ ಇದರ ಮೇಲೆ ನಿಂತಿವೆ. ಅನಾಥ ಎಂದರೆ ತಾಯಿತಂದೆ ಇಬ್ಬರೂ ಸತ್ತ ಮಗು ಎಂದು ನಾವು ತಿಳಿಯುತ್ತೇವೆ. ಬರದಲ್ಲಿ ಹಾಗಲ್ಲ. ಅಪ್ಪ ಕೂಲಿ ಹುಡುಕಿ ಒಂದು ದಿಕ್ಕಿಗೆ ಹೋಗಿರುತ್ತಾನೆ. ಅವ್ವ ಕಾಮಗಾರಿಯ ಜಾಗದಲ್ಲಿ ವಾಂತಿಭೇದಿಗೆ ಸಿಕ್ಕಿರುತ್ತಾಳೆ. ಎತ್ತಿಕೊಳ್ಳಬೇಕಾದ ಸೋದರಮಾವನ ಮನೆಯಲ್ಲೇ ಉಣ್ಣಲು ಇರುವುದಿಲ್ಲ. ಹಾಗಾಗಿ ದಾರಿಗೆ ಬಿದ್ದ ಎಷ್ಟೋ ಮಕ್ಕಳಿಗೆ ಎಲ್ಲೋ ಒಬ್ಬ ಹೆತ್ತವರು ಬದುಕಿದ್ದಿರಲೂ ಸಾಕು. ಸತ್ತದ್ದು ಬಂಧುಗಳಿಗಿಂತ ಹೆಚ್ಚಾಗಿ ಬಂಧುತ್ವದ ಕಸುವು. ಇಂಥ ಮಗುವಿಗೆ ಬೇಕಾದದ್ದು ಒಂದು ಹೊತ್ತಿನ ಅಂಬಲಿಯಲ್ಲ, ಹತ್ತು ಹದಿನೈದು ವರ್ಷದ ನೆಲೆ. ಅದನ್ನು ಕೊಡಬೇಕಾದ ಸರ್ಕಾರ ಏನು ಮಾಡುತ್ತಿತ್ತು? 1877ರ ಜನವರಿ ಮೊದಲ ದಿನ ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು ವೈಸ್‌ರಾಯ್ ಲಿಟನ್ನನ ಪ್ರತಿನಿಧಿಯಾಗಿ ಹೊರಟ ರಿಚರ್ಡ್ ಟೆಂಪಲ್, ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಸ್ವಲ್ಪ ಚಿಲ್ಲರೆ ಸಾಕೆಂದು ಕೂಲಿ ಇಳಿಸಿದ. ದುಡಿಯುವವರಿಗೇ ಈ ಅಳತೆಯಾದರೆ ದುಡಿಯಲಾರದ, ಕೇಳುವವರಿಲ್ಲದ ಮಗುವಿನ ಹತ್ತು ವರ್ಷದ ಲೆಕ್ಕ ಇಡಲು ಆ ಆಡಳಿತಕ್ಕೆ ಮನಸ್ಸೂ ಇರಲಿಲ್ಲ, ಖಾತೆಯೂ ಇರಲಿಲ್ಲ. ಮಕ್ಕಳನ್ನು ಯಾರು ತೆಗೆದುಕೊಂಡರೂ ಅದಕ್ಕೆ ಒಂದು ತಲೆನೋವು ಕಡಿಮೆ.

ತೆಗೆದುಕೊಂಡವರು ಮಿಶನರಿಗಳು, ಅದೂ ಒಂದೇ ಕಡೆಯಲ್ಲ. ಮೈಸೂರು ಸೀಮೆಯಲ್ಲಿ ಮಿಸ್ ಆನ್‌ಸ್ಟಿ ಎಂಬಾಕೆ ಕೋಲಾರದಲ್ಲಿ ನೂರಾರು ಮಕ್ಕಳನ್ನು ಕೂಡಿಸಿಕೊಂಡು, 1890ರಲ್ಲಿ ಅಮೆರಿಕದ ಮೆಥಡಿಸ್ಟರ ಕೈಗೆ ಒಪ್ಪಿಸುವವರೆಗೆ ಸಾಕಿದಳು. ವೆಸ್ಲಿಯನ್ನರು ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಆಶ್ರಯ ತೆರೆದರು. ನಮ್ಮ ಕಡೆಯ ಬಾಸೆಲ್ ಠಾಣೆಗಳಿಗೂ ಮಕ್ಕಳು ಬಂದರು. ಆಮೇಲೆ ನಡೆದ ಬದಲಾವಣೆಯನ್ನು ಯಾರೂ ಮುಂಚೆ ಯೋಚಿಸಿರಲಿಲ್ಲ. ಸಂತೆಯಲ್ಲಿ ಉಪದೇಶ ಮಾಡಿದವನು ಸಂಜೆಗೆ ಬಂಗಲೆಗೆ ಮರಳಬಹುದು. ಮಗುವನ್ನು ಒಳಗೆ ಕರೆದುಕೊಂಡವನು ಜೋಳದ ದರ ತಿಳಿಯಬೇಕು, ಹುಳುಕಡ್ಡಿಗೆ ಮದ್ದು ಹುಡುಕಬೇಕು, ಅಕ್ಷರ ಕಲಿಸಬೇಕು, ಕಸುಬು ಹಚ್ಚಬೇಕು, ಹುಡುಗಿ ದೊಡ್ಡವಳಾದರೆ ವರ ನೋಡಬೇಕು. ಈ ಭಾರದ ಬಹುಪಾಲು ಬಿದ್ದದ್ದು ಪಾದ್ರಿಗಳ ಹೆಂಡತಿಯರ ಮೇಲೆ ಮತ್ತು ಕನ್ನಡದ ಉಪಾಧ್ಯಾಯರು, ಅಡುಗೆಯವರು, ಮೇಲ್ವಿಚಾರಣೆಯ ವಿಧವೆಯರ ಮೇಲೆ. ವರದಿಗಳಲ್ಲಿ ಪಾದ್ರಿಯ ಹೆಸರಿರುತ್ತದೆ, ಇವರ ಹೆಸರು ವಿರಳ. ಹಣ ಬರುತ್ತಿದ್ದುದೂ ದೊಡ್ಡ ಖಜಾನೆಯಿಂದಲ್ಲ. ಸ್ವಿಟ್ಜರ್‌ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಬಡ ಮನೆಗಳಿಂದ ವಾರಕ್ಕೊಂದು ಅರ್ಧ ಬಾಟ್ಜೆನ್ ಎಂಬ ಚಿಲ್ಲರೆ ನಾಣ್ಯ ಎತ್ತುವ ಪದ್ಧತಿ 1855ರಿಂದ ನಡೆದಿತ್ತು, ಮಿಶನ್ನಿನ ದೊಡ್ಡ ಆಧಾರವೇ ಅದು. ಇನ್ನು ಮದುವೆಯ ವಿಷಯ. ಬಾಸೆಲ್ಲಿನವರು ಸಭೆಯೊಳಗೆ ಜಾತಿಯನ್ನು ಒಪ್ಪದವರು. ಆದರೆ ಬೆಳೆದವರ ನಡುವೆ ಜಾತಿ ಅಳಿಸುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿತ್ತು. ಕುಲವೇ ನೆನಪಿಲ್ಲದ ಹುಡುಗನಿಗೂ ಹುಡುಗಿಗೂ ಆ ಗೋಜಿರಲಿಲ್ಲ. ನಲವತ್ತು ವರ್ಷದ ಉಪದೇಶ ಕಟ್ಟಲಾಗದ ಜಾತಿರಹಿತ ಮನೆಗಳನ್ನು ಬರದ ಮಕ್ಕಳ ಮದುವೆಗಳು ಕಟ್ಟಿದವು.

ಇದೇ ಜನ ತಮ್ಮ ಮಕ್ಕಳನ್ನು ಹೇಗೆ ನಡೆಸಿಕೊಂಡರೆಂಬುದನ್ನು ಪಕ್ಕದಲ್ಲಿಟ್ಟು ನೋಡದೆ ಈ ಚಿತ್ರ ಪೂರ್ತಿಯಾಗದು. ಮಿಶನರಿಗಳ ಮಕ್ಕಳು ಇಲ್ಲಿಯ ಬಿಸಿಲಿನಲ್ಲಿ, ಇಲ್ಲಿಯ ರೂಢಿಗಳ ನಡುವೆ ಬೆಳೆಯಬಾರದೆಂಬುದು ಬಾಸೆಲ್ ಸಮಿತಿಯ ಮತ. 1853ರ ಹೊತ್ತಿಗೆ ಅವರಿಗಾಗಿಯೇ ಬಾಸೆಲ್ಲಿನಲ್ಲಿ ಒಂದು ಮಕ್ಕಳ ಮನೆ ಏರ್ಪಟ್ಟಿತು. ಶಾಲೆಯ ವಯಸ್ಸಿಗೆ ಬಂದ ಕೂಸನ್ನು ಹಡಗು ಹತ್ತಿಸಿ ಕಳಿಸಿದರೆ ಮತ್ತೆ ಮುಖ ಕಾಣುವುದು ಎಷ್ಟೋ ವರ್ಷಕ್ಕೆ. ಏರ್ಪಾಟಿಗೆ ಮುಂಚೆಯೂ ರೂಢಿ ಇದೇ. ಮಿಶನರಿ ಹರ್ಮನ್ ಗುಂಡರ್ಟನಿಗೆ ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ ಮಗಳು ಮರೀಯಳನ್ನು ಎಳವೆಯಲ್ಲೇ ಯುರೋಪಿನಲ್ಲಿ ಬಿಟ್ಟು ಹೆತ್ತವರು ಮಲಬಾರಿಗೆ ಮರಳಿದರು. ಆಕೆ ಮತ್ತೆ ಅವರನ್ನು ಸೇರಿದ್ದು 1857ರಲ್ಲಿ. ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದವಳು ಈಕೆಯೇ. ಸ್ವಂತ ಮಕ್ಕಳನ್ನು ಸಂಸ್ಥೆಗೆ ಒಪ್ಪಿಸಿ ಪರರ ಮಕ್ಕಳಿಗೆ ಸಂಸ್ಥೆ ಕಟ್ಟಿದರು. ಇದನ್ನು ತ್ಯಾಗ ಎಂದೂ ಕರೆಯಬಹುದು, ಕಲ್ಲೆದೆ ಎಂದೂ ಕರೆಯಬಹುದು. ನಾನು ಇದರಿಂದ ತೆಗೆಯುವ ಮಾತು ಸಣ್ಣದು: ಮಗು ಹೆತ್ತವರ ಮಡಿಲಿಗಿಂತ ಶಿಸ್ತಿನ ಮನೆಯಲ್ಲಿ ಒಳ್ಳೆಯದಾಗಿ ಬೆಳೆಯುತ್ತದೆಂದು ಇವರು ನಿಜವಾಗಿ ನಂಬಿದ್ದರು. ಗಂಟೆ ಹೊಡೆದರೆ ಏಳುವ, ಪ್ರಾರ್ಥನೆಗೆ ಸಾಲಾಗಿ ನಿಲ್ಲುವ ಅನಾಥಾಲಯದ ಕಟ್ಟುನಿಟ್ಟು ಕರಿಯ ಮಕ್ಕಳಿಗಾಗಿ ಹುಟ್ಟಿಸಿದ ಕಟ್ಟುನಿಟ್ಟಲ್ಲ.

ಇಷ್ಟು ಹೇಳಿದ ಮೇಲೂ ದೊಡ್ಡ ಆಕ್ಷೇಪ ಉಳಿದೇ ಇದೆ. ಹಸಿದ ಮಗುವಿಗೆ ಅನ್ನದ ಜೊತೆ ದೀಕ್ಷಾಸ್ನಾನ ಕೊಟ್ಟದ್ದು ಸರಿಯೇ? ಇದನ್ನು ಮೆಲುದನಿಯಲ್ಲಿ ಹೇಳಿ ಜಾರಿಕೊಳ್ಳಬಾರದು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯ ಉದಾಹರಣೆ ಇಲ್ಲಿ ಬಹಳ ಹೇಳುತ್ತದೆ. ಹೆತ್ತವರನ್ನು ಹಸಿವಿಗೇ ಕಳೆದುಕೊಂಡಿದ್ದ ಆಕೆ 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು. ಅಲ್ಲಿ ಹುಡುಗಿಯರು ಕ್ರೈಸ್ತಮತದ ಕಡೆ ವಾಲುತ್ತಿದ್ದಾರೆಂಬ ಗುಲ್ಲು 1893ರಲ್ಲಿ ಎದ್ದಾಗ ಪಾಲಕರು ಬಂದು ತಮ್ಮ ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. 1896-97ರ ಬರದಿಂದ ಆಕೆ ಕೇಡಗಾಂವಿನ ತನ್ನ ಆಶ್ರಮಕ್ಕೆ ತಂದ ನೂರಾರು ಹುಡುಗಿಯರನ್ನು ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ, ಬರುವವರು ಇರಲೂ ಇಲ್ಲ. ಅದೇ ಬಾಯಿ, ಅದೇ ಧರ್ಮಶ್ರದ್ಧೆ. ವ್ಯತ್ಯಾಸ ಒಂದೇ, ಬೇಡ ಎನ್ನುವವರೊಬ್ಬರು ಇದ್ದರೋ ಇಲ್ಲವೋ ಎಂಬುದು. ಬೇಡ ಎನ್ನಲಾರದವರ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು, ಹಾಗಾಗಿ ಆಕ್ಷೇಪದ ಈ ಭಾಗ ನ್ಯಾಯವಾದದ್ದು. ಲಾಲಾ ಲಜಪತ ರಾಯರು ಇದೇ ನ್ಯಾಯವನ್ನು ಹಿಡಿದು ಆರ್ಯಸಮಾಜದ ವತಿಯಿಂದ ಬರದ ಮಕ್ಕಳನ್ನು ಕೂಡಿಸಿದರು, 1901ರ ಬರಗಾಲ ಆಯೋಗದ ಮುಂದೆ ಸಾಕ್ಷ್ಯವನ್ನೂ ನುಡಿದರು. ಮೊದಲು ಬಂಧುಗಳನ್ನು ಹುಡುಕಬೇಕು, ಅವರಿಲ್ಲದಿದ್ದರೆ ಸ್ವಧರ್ಮದವರಿಗೆ ಒಪ್ಪಿಸಬೇಕು, ಅದೂ ಆಗದಿದ್ದರೆ ಮಾತ್ರ ಬೇರೆಯವರಿಗೆ ಎಂಬ ಕ್ರಮ ಗಟ್ಟಿಯಾದದ್ದು ಇಂಥ ಒತ್ತಾಯದಿಂದ. ಆದರೆ ಆಕ್ಷೇಪದ ಇನ್ನೊಂದು ಭಾಗ, ಅಂದರೆ ಅನಾಥಾಲಯ ಮತ ಬೆಳೆಸುವ ಹೂಟವಾಗಿತ್ತು ಎಂಬುದು, ಅಂಕಿಗಳ ಎದುರು ನಿಲ್ಲುವುದಿಲ್ಲ. ಎರಡು ಮೂರು ಬರ ಕಳೆದು 1901ರ ಗಣತಿ ನಡೆದಾಗ ಹಿಂದಿನ ಕಲಾದಗಿಯೇ ಆದ, ಏಳು ಲಕ್ಷ ಮೀರಿದ ವಿಜಾಪುರ ಜಿಲ್ಲೆಯಲ್ಲಿ ಕ್ರೈಸ್ತರು ಶೇಕಡಾ ಒಂದರ ಹತ್ತಿರಕ್ಕೂ ಬರಲಿಲ್ಲ. ಹೂಟವೇ ಆಗಿದ್ದರೆ ಅದಕ್ಕಿಂತ ದಡ್ಡ ಹೂಟ ಇನ್ನೊಂದಿಲ್ಲ.

ಇನ್ನೊಂದು ಮಾತು ನಮ್ಮವರದು: ದಾಸೋಹದ ನಾಡಿನಲ್ಲಿ ಮಗು ಅನಾಥವಾಗುವುದುಂಟೇ, ಮಠಗಳಿರಲಿಲ್ಲವೇ, ಅವಿಭಕ್ತ ಕುಟುಂಬ ಇರಲಿಲ್ಲವೇ? ಇದ್ದವು. ಸಾಮಾನ್ಯ ವರ್ಷಗಳಲ್ಲಿ ಅವು ಮಾಡಿದ ಕೆಲಸವನ್ನು ಯಾವ ವರದಿಯೂ ಬರೆದಿಡಲಿಲ್ಲ ಎಂಬುದೂ ನಿಜ. ಆದರೆ ಮಠದ ಕಣಜ ತುಂಬುವುದು ಭಕ್ತರ ಹೊಲದಿಂದ. ಹೊಲ ಒಣಗಿದ ವರ್ಷ ಭಕ್ತನೂ ಮಠವೂ ಒಟ್ಟಿಗೆ ಬಡವಾಗುತ್ತಾರೆ. ಬಾಸೆಲ್ಲಿನ ನಾಣ್ಯಕ್ಕೆ ಕಲಾದಗಿಯ ಮಳೆಯ ಹಂಗಿರಲಿಲ್ಲ, ಅದರ ಅನುಕೂಲ ಇದ್ದದ್ದು ಅಲ್ಲಿ. ಧರ್ಮದ ಹಿರಿಮೆ ಕಿರಿಮೆಯ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಕಾಲ ಕೂಡಿಬಂದಾಗ ಇದೇ ನೆಲ ತನ್ನದೇ ಸಂಸ್ಥೆಗಳನ್ನು ಕಟ್ಟಿತು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಸ್ಥಾಪಿಸಿದರು. ಅದರ ಉದ್ದೇಶ ವೀರಶೈವ ವಟುಗಳನ್ನು ತಿದ್ದಿ ಬೆಳೆಸುವುದು, ಅನಾಥಪಾಲನೆಯಲ್ಲ. ಆದರೂ ಅವರ ಕೃಪೆಯಲ್ಲಿ ಬೆಳೆದ ಕುರುಡು ಹುಡುಗನೊಬ್ಬ ಪಂಚಾಕ್ಷರಿ ಗವಾಯಿಗಳಾಗಿ, ಕಣ್ಣಿಲ್ಲದವರನ್ನೂ ದಿಕ್ಕಿಲ್ಲದವರನ್ನೂ ಜಾತಿ ಕೇಳದೆ ಕರೆದುಕೊಂಡು ಊರೂರು ತಿರುಗುತ್ತ ಸಂಗೀತ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹಾಗೆ, ಪುಟ್ಟರಾಜ ಗವಾಯಿಗಳು ಅದನ್ನು 2010ರವರೆಗೆ ನಡೆಸಿದ್ದನ್ನು ಕಂಡವರು ಇಂದಿಗೂ ಬಹಳ. ಇವರು ಮಿಶನ್ನನ್ನು ನೋಡಿ ಕಲಿತರೆಂದು ಬರೆದುಬಿಡುವುದು ಸುಲಭ, ಹಾಗೆ ಬರೆದವರೂ ಇದ್ದಾರು. ಬೆಟಗೇರಿ ಗದಗಿಗೆ ಅಂಟಿಕೊಂಡೇ ಇದೆ ಎಂಬುದು ಅಂಥ ತೀರ್ಮಾನಕ್ಕೆ ಸಾಲದು. ಎರಡೂ ಕಡೆ ಸಮಾನವಾದದ್ದು ಕೊರತೆ: ಕಣ್ಣಿಲ್ಲದ, ಹೊಲವಿಲ್ಲದ, ಬಂಧುವಿಲ್ಲದ ಮಗುವಿಗೆ ಒಂದು ಕಸುಬು ಬೇಕಿತ್ತು. ಒಬ್ಬರು ಹೊಲಿಗೆ ನೇಯ್ಗೆ ಕೊಟ್ಟರು, ಒಬ್ಬರು ಸ್ವರ ತಾಳ ಕೊಟ್ಟರು.

1914ರಲ್ಲಿ ಯುದ್ಧ ಆರಂಭವಾದಾಗ ಜರ್ಮನ್ ಪ್ರಜೆಗಳಾದ ಮಿಶನರಿಗಳು ರಾತ್ರೋರಾತ್ರಿ ಶತ್ರುಗಳಾದರು. ಬಹಳ ಜನರನ್ನು ಅಹಮದನಗರದ ಶಿಬಿರಕ್ಕೆ ಒಯ್ದು ಕೂಡಿಟ್ಟು, ಆಮೇಲೆ ಊರಿಗೆ ಸಾಗಿಸಿದರು. ಕಾರ್ಖಾನೆಗಳು ಸರ್ಕಾರದ ವಶವಾದವು. ಠಾಣೆಗಳು ಮಾತ್ರ ಮುಚ್ಚಲಿಲ್ಲ. ಸ್ವಿಸ್ ಮೂಲದವರ ಜೊತೆಗೆ, ಅಷ್ಟು ಹೊತ್ತಿಗೆ ಮಿಶನ್ನಿನ ಶಾಲೆಗಳಲ್ಲೇ ಕಲಿತು ಬೆಳೆದಿದ್ದ ಕನ್ನಡದ ಉಪಾಧ್ಯಾಯರೂ ಸಭಾಪಾಲಕರೂ ಅವನ್ನು ಎತ್ತಿ ನಿಲ್ಲಿಸಿದರು. ಸರ್ಕಾರದ ಸರದಿ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ದಿಕ್ಕಿಲ್ಲದ ಮಗು ರಾಜ್ಯದ ಹೊಣೆ ಎಂದು ಒಪ್ಪಿದ ಮುಂಬಯಿ ಮಕ್ಕಳ ಕಾಯ್ದೆ 1924ರದು. ಅದು ನೆಲಕ್ಕೆ ಇಳಿದದ್ದು 1927ರಲ್ಲಿ, ಟೆಂಪಲ್ ಕೂಲಿ ಇಳಿಸಿ ಸರಿಯಾಗಿ ಐವತ್ತು ವರ್ಷಕ್ಕೆ, ಅದೂ ಮೊದಲು ಮುಂಬಯಿ ನಗರದಲ್ಲಿ. ಬಾದಾಮಿ, ಹುನಗುಂದದ ಕಡೆ ಅಂಥ ಮಗು ಆಗಲೂ ತಟ್ಟಬೇಕಾಗಿದ್ದುದು ಒಂದೋ ಮಠದ ಬಾಗಿಲು, ಒಂದೋ ಮಿಶನ್ನಿನದು.