ವೇಳಾಪಟ್ಟಿ ಯಾರ ಭಾಷೆಯಲ್ಲಿದೆ? ಉಸ್ಮಾನಿಯಾದ ಮೊದಲ ವರ್ಷದ ಪಾಠ

ಉರ್ದುವಿನಲ್ಲಿ ವೇಳಾಪಟ್ಟಿಗೆ ‘ನಿಜಾಮ್-ಉಲ್-ಔಕಾತ್’ ಎನ್ನುತ್ತಾರೆ. ‘ನಿಜಾಮ್’ ಎಂದರೆ ವ್ಯವಸ್ಥೆ. ‘ಔಕಾತ್’ ಎಂಬುದು ‘ವಕ್ತ್’ ಎಂಬ ಪದದ ಬಹುವಚನ. ಹೈದರಾಬಾದಿನ ಅರಸರ ಬಿರುದಿನಲ್ಲಿರುವುದೂ ಇದೇ ‘ನಿಜಾಮ್’. 1919ರಿಂದ ಸುಮಾರು ಮೂವತ್ತು ವರ್ಷ ಕಲಬುರಗಿ, ರಾಯಚೂರು, ಬೀದರ್ ಕಡೆಯಿಂದ ಓದಲು ಹೈದರಾಬಾದಿಗೆ ಬಂದ ಕನ್ನಡದ ಹುಡುಗರು ಈ ವೇಳೆಗಳ ವ್ಯವಸ್ಥೆಗೆ ಹೊಂದಿಕೊಳ್ಳಬೇಕಾಯಿತು.

ಕಾಲೇಜಿನ ಮೊದಲ ವರ್ಷಕ್ಕೆ ಕಾಲಿಡುವವರಿಗೆ ಇಂದು ಸಿಗುವ ಬುದ್ಧಿಮಾತುಗಳು ಬಹುಪಾಲು ಒಂದೇ ತೆರ. ಬೆಳಿಗ್ಗೆ ಬೇಗ ಏಳಿ, ದಿನವನ್ನು ತುಂಡು ಮಾಡಿಕೊಳ್ಳಿ, ಇಂತಿಷ್ಟು ಗಂಟೆ ಓದಿ, ವಾರದ ಕೊನೆಗೆ ಓದಿದ್ದನ್ನು ತಿರುವಿ ಹಾಕಿ. ತಪ್ಪೇನಿಲ್ಲ. ಆದರೆ ಈ ಮಾತುಗಳ ಹಿಂದೆ ಎಲ್ಲರ ಒಂದು ಗಂಟೆಯೂ ಸಮ ಎಂಬ ನಂಬಿಕೆ ಇದೆ. ಆ ನಂಬಿಕೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಉಸ್ಮಾನಿಯಾ ವಿಶ್ವವಿದ್ಯಾಲಯದ ಆರಂಭದ ದಿನಗಳು ತೋರಿಸಿಕೊಡುತ್ತವೆ.

ಆ ವಿಶ್ವವಿದ್ಯಾಲಯ ಹುಟ್ಟಿದ್ದೇ ವಿದ್ಯಾರ್ಥಿಯ ಹೊತ್ತು ಎಲ್ಲಿ ಪೋಲಾಗುತ್ತಿದೆ ಎಂಬ ಪ್ರಶ್ನೆಯಿಂದ. 1917ರಲ್ಲಿ ಗೃಹ ಕಾರ್ಯದರ್ಶಿಯಾಗಿದ್ದ ಅಕ್ಬರ್ ಹೈದರಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಗೆ ಒಂದು ಮನವಿ ಸಲ್ಲಿಸಿದರು. ಪರಭಾಷೆಯಲ್ಲಿ ಓದುವ ಹುಡುಗನ ಶಕ್ತಿಯೆಲ್ಲ ಭಾಷೆಯನ್ನು ದಕ್ಕಿಸಿಕೊಳ್ಳುವುದರಲ್ಲೇ ಮುಗಿಯುತ್ತದೆ, ನೆನಪಿನ ಮೇಲೆ ವಿಪರೀತ ಭಾರ ಬೀಳುತ್ತದೆ, ಸ್ವಂತ ಯೋಚನೆಗೆ ಜಾಗ ಉಳಿಯುವುದಿಲ್ಲ ಎಂಬುದು ಅವರ ವಾದದ ತಿರುಳು. ಅದೇ ವರ್ಷ ಏಪ್ರಿಲ್ 26ರಂದು ನಿಜಾಮರ ಫರ್ಮಾನು ಹೊರಟಿತು. ಹೊಸ ವಿಶ್ವವಿದ್ಯಾಲಯದಲ್ಲಿ ಕಲಿಕೆ ಉರ್ದುವಿನಲ್ಲಿ. ಇಂಗ್ಲಿಷ್ ಕಡ್ಡಾಯ, ಆದರೆ ಒಂದು ಭಾಷಾ ವಿಷಯವಾಗಿ ಮಾತ್ರ.

ಬ್ರಿಟಿಷ್ ಇಂಡಿಯಾದಲ್ಲೂ ಆಗ ಇದೇ ಚರ್ಚೆ ನಡೆದಿತ್ತು. ಮೈಕೆಲ್ ಸ್ಯಾಡ್ಲರ್ ನೇತೃತ್ವದ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗ 1917ರಿಂದ 1919ರವರೆಗೆ ಕೆಲಸ ಮಾಡಿತು. ಬರೆಸಿದ ಟಿಪ್ಪಣಿ, ಬಾಯಿಪಾಠ, ಪರೀಕ್ಷೆಯೊಂದೇ ಗುರಿ ಎಂಬ ದೂರುಗಳು ಅದರ ವರದಿಯ ತುಂಬ ಇವೆ. ವಿದ್ಯಾರ್ಥಿ ಸೋಮಾರಿಯಾದ್ದರಿಂದ ಉರು ಹೊಡೆಯುತ್ತಿರಲಿಲ್ಲ. ಅರ್ಥವಾಗದ ಭಾಷೆಯ ಪುಟದ ಎದುರು ಉರು ಹೊಡೆಯುವುದೇ ಅವನಿಗೆ ಅಗ್ಗದ ದಾರಿಯಾಗಿತ್ತು. ಒಂದು ವಾಕ್ಯವನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ನಾಲ್ಕು ವಾಕ್ಯಗಳನ್ನು ಕಂಠಪಾಠ ಮಾಡಬಹುದಲ್ಲ?

ಹೈದರಾಬಾದಿನಲ್ಲಿ ಮಾತ್ರ ಇದಕ್ಕೆ ಮದ್ದು ಹುಡುಕುವ ಕೆಲಸ ವಿದ್ಯಾರ್ಥಿಯ ಕೋಣೆಯಿಂದ ಶುರುವಾಗಲಿಲ್ಲ, ಅನುವಾದಕರ ಮೇಜಿನಿಂದ ಶುರುವಾಯಿತು. 1917ರಲ್ಲೇ ‘ದಾರುಲ್ ತರ್ಜುಮಾ’ ಎಂಬ ಅನುವಾದ ವಿಭಾಗ ತೆರೆಯಿತು. ಮೌಲ್ವಿ ಅಬ್ದುಲ್ ಹಕ್ ಅದರ ಮೊದಲ ಮುಖ್ಯಸ್ಥರು. ಗಣಿತ, ಭೌತಶಾಸ್ತ್ರ, ಇತಿಹಾಸ, ಕಾನೂನು, ಮುಂದೆ ವೈದ್ಯಶಾಸ್ತ್ರ, ಎಂಜಿನಿಯರಿಂಗ್ ಹೀಗೆ ನೂರಾರು ಪಠ್ಯಗಳು ಅಲ್ಲಿಂದ ಉರ್ದುವಿನಲ್ಲಿ ಬಂದವು. ಕವಿ ಜೋಷ್ ಮಲೀಹಾಬಾದಿ ಕೂಡ ಕೆಲವು ವರ್ಷ ಅಲ್ಲಿ ದುಡಿದರು. ಪಾರಿಭಾಷಿಕ ಪದ ಕಟ್ಟುವ ಬಗೆಯನ್ನು ಕುರಿತು ವಹೀದುದ್ದೀನ್ ಸಲೀಮ್ ಒಂದು ಪುಸ್ತಕವನ್ನೇ ಬರೆದರು.

1919ರ ಆಗಸ್ಟ್ 28ರಂದು ಇಂಟರ್‌ಮೀಡಿಯೆಟ್ ತರಗತಿಗಳು ಆರಂಭವಾದವು. ಮೊದಲ ವರ್ಷ 225 ವಿದ್ಯಾರ್ಥಿಗಳು, 25 ಅಧ್ಯಾಪಕರು. ಈಗಿನ ಭವ್ಯವಾದ ಆರ್ಟ್ಸ್ ಕಾಲೇಜು ಕಟ್ಟಡ ಆಗಿನ್ನೂ ಇರಲಿಲ್ಲ, ಅದು ಉದ್ಘಾಟನೆಯಾದದ್ದು 1939ರ ಡಿಸೆಂಬರಿನಲ್ಲಿ. ಮೊದಲ ತರಗತಿಗಳು ನಡೆದದ್ದು ಗನ್‌ಫೌಂಡ್ರಿ–ಬಷೀರ್‌ಬಾಗ್ ಭಾಗದಲ್ಲಿ, ನಿಜಾಮ್ ಕಾಲೇಜಿನ ಪಕ್ಕದಲ್ಲೇ. ನಿಜಾಮ್ ಕಾಲೇಜು 1887ರಿಂದ ಇದ್ದದ್ದು, ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಹೀಗೆ ನೆರೆಹೊರೆಯ ಎರಡು ಕಟ್ಟಡಗಳಲ್ಲಿ ಒಂದೇ ವಯಸ್ಸಿನ ಹುಡುಗರು ಹೆಚ್ಚು ಕಡಿಮೆ ಅದೇ ವಿಷಯಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ಓದುತ್ತಿದ್ದರು.

ಹೈದರಿಯವರ ವಾದ ಸರಿಯಾಗಿಯೇ ಇತ್ತು. ಪ್ರಶ್ನೆ ಒಂದೇ: ಉರ್ದು ಯಾರಿಗೆ ತನ್ನ ಭಾಷೆ? ಸಂಸ್ಥಾನದ ಜನರಲ್ಲಿ ತೆಲುಗರು ಹತ್ತಿರ ಹತ್ತಿರ ಅರ್ಧದಷ್ಟು, ಮರಾಠಿಯವರು ಸುಮಾರು ಕಾಲು ಭಾಗ. ಕನ್ನಡದವರು ಹತ್ತರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಉರ್ದು ಮನೆಮಾತಿನವರೂ ಅಷ್ಟೇ. ಆಡಳಿತದ ಭಾಷೆ, ಇಡೀ ಸಂಸ್ಥಾನಕ್ಕೆ ಹೊಂದುವ ಸಾಮಾನ್ಯ ಭಾಷೆ ಎಂಬ ಕಾರಣಕ್ಕೆ ಉರ್ದುವನ್ನು ಆರಿಸಲಾಯಿತು. ಹಾಗಾಗಿ ಯಲಬುರ್ಗಾ ಅಥವಾ ಚಿಂಚೋಳಿ ಕಡೆಯ ಹುಡುಗನ ಮಟ್ಟಿಗೆ ಆದದ್ದಿಷ್ಟು: ಒಂದು ಪರಭಾಷೆಯ ಜಾಗಕ್ಕೆ ಇನ್ನೊಂದು ಬಂತು. ಹೊಸದು ಊರಿನ ಸಂತೆಯಲ್ಲಿ, ಕಚೇರಿಯಲ್ಲಿ ಕಿವಿಗೆ ಬಿದ್ದ ಭಾಷೆ. ಪ್ರೌಢಶಾಲೆಯಲ್ಲಿ ಅದರಲ್ಲೇ ಓದಿಯೂ ಆಗಿತ್ತು. ಆದರೂ ಮನೆಯ ಮಾತಲ್ಲ.

ಈ ಹುಡುಗನ ಒಂದು ಗಂಟೆ ಹೇಗೆ ಕಳೆಯುತ್ತಿತ್ತು ಎಂದು ತಿಳಿಯಲು ಲಿಪಿಯನ್ನು ನೋಡಿದರೆ ಸಾಕು. ಕನ್ನಡದಲ್ಲಿ ಗುರುತು ಹಿಡಿಯದ ಪದವನ್ನೂ ಓದಿ ಉಚ್ಚರಿಸಬಹುದು, ಸ್ವರಗಳೆಲ್ಲ ಕಣ್ಣೆದುರಿಗಿರುತ್ತವೆ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮ-ಲ-ಕ ಎಂಬ ಮೂರು ಅಕ್ಷರ ಕಂಡರೆ ಅದು ‘ಮಿಲ್ಕ್’ (ಆಸ್ತಿ) ಆಗಬಹುದು, ‘ಮುಲ್ಕ್’ (ದೇಶ), ‘ಮಲಿಕ್’ (ಅರಸ) ಅಥವಾ ‘ಮಲಕ್’ (ದೇವದೂತ) ಆಗಬಹುದು. ಪದ ಮೊದಲೇ ಗೊತ್ತಿದ್ದವನು ಸಂದರ್ಭ ನೋಡಿ ಸಲೀಸಾಗಿ ಮುಂದೆ ಹೋಗುತ್ತಾನೆ. ಗೊತ್ತಿಲ್ಲದವನು ಅಲ್ಲಿ ನಿಲ್ಲುತ್ತಾನೆ. ಒಂದು ಪುಟದಲ್ಲಿ ಹತ್ತು ಸಲ ನಿಂತರೆ ವೇಳಾಪಟ್ಟಿಯ ಲೆಕ್ಕ ತಲೆಕೆಳಗು.

ಗೊತ್ತಿರುವ ಪದಗಳೂ ಕೈಕೊಡುತ್ತಿದ್ದವು. ‘ಸವಾಲ್’ ಉರ್ದುವಿನಲ್ಲಿ ಪ್ರಶ್ನೆ, ಕನ್ನಡದಲ್ಲಿ ‘ಸವಾಲು’ ಪಂಥ. ‘ತಾಲೀಮ್’ ಅಲ್ಲಿ ಶಿಕ್ಷಣ, ಇಲ್ಲಿ ‘ತಾಲೀಮು’ ಎಂದರೆ ಗರಡಿಯ ಸಾಮು, ನಾಟಕದ ಅಭ್ಯಾಸ. ಇತ್ತ ಪಠ್ಯದ ಪಾರಿಭಾಷಿಕ ಪದಗಳು ಹೆಚ್ಚಾಗಿ ಅರಬ್ಬಿ ಬೇರಿನವು. ಉರ್ದು ಮನೆಮಾತಿನ ಹುಡುಗನಿಗೂ ಅವು ಹೊಸವೇ. ಆದರೆ ಅವುಗಳಲ್ಲೊಂದು ಅನುಕೂಲವಿತ್ತು. ‘ಮಆಷ್’ ಎಂದರೆ ಜೀವನೋಪಾಯ, ‘ಮಆಷಿಯಾತ್’ ಅರ್ಥಶಾಸ್ತ್ರ. ‘ನಫ್ಸ್’ ಮನಸ್ಸು, ‘ನಫ್ಸಿಯಾತ್’ ಮನಃಶಾಸ್ತ್ರ. ‘ಲಿಸಾನ್’ ನಾಲಗೆ, ‘ಲಿಸಾನಿಯಾತ್’ ಭಾಷಾಶಾಸ್ತ್ರ. ಪದಗಳನ್ನು ಬಿಡಿಬಿಡಿಯಾಗಿ ಕಲಿತರೆ ನೂರು ಸಲದ ಶ್ರಮ, ಬೇರು ಮತ್ತು ಪ್ರತ್ಯಯ ಹಿಡಿದು ಕಲಿತರೆ ಒಂದು ಕುಟುಂಬವೇ ಕೈಗೆ ಬರುತ್ತದೆ. ಯಾವ ಭಾಷೆಯಲ್ಲಿ ಓದುವವರಿಗೂ ಹೊತ್ತು ಉಳಿಸುವ ಉಪಾಯವಿದು.

ಕ್ಯಾಲೆಂಡರ್ ಕೂಡ ಬೇರೆ. ಸಂಸ್ಥಾನದ ಆಡಳಿತ ಫಸಲಿ ವರ್ಷದಲ್ಲಿ ನಡೆಯುತ್ತಿತ್ತು. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಹೊಸ ವರ್ಷ, ಆಜರ್, ದೈ, ಬಹಮನ್ ಎಂದು ತಿಂಗಳುಗಳು, ವಾರದ ರಜೆ ಶುಕ್ರವಾರ. ಊರಿನ ಪಂಚಾಂಗದ ಯುಗಾದಿ, ಶ್ರಾವಣಗಳ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಬಂದ ಹುಡುಗ ಅದರ ಮೇಲೆ ಇವನ್ನೂ ಹೊಂದಿಸಿಕೊಳ್ಳಬೇಕಿತ್ತು.

ಇದನ್ನೆಲ್ಲ ದಾಟಿ ಗೆದ್ದವರಿದ್ದಾರೆ. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿದರು, ಆಡಳಿತ ಸೇವೆ ಸೇರಿದರು, ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಕನ್ನಡದ ಕವಿಯಾದರು. ಉರ್ದು ಕಲಿತು ಬೆಳೆದ ರಾಯಚೂರು ಸೀಮೆಯ ಶಾಂತರಸರು ಗಜಲನ್ನು ಕನ್ನಡಕ್ಕೆ ತಂದರು. ಉಸ್ಮಾನಿಯಾದಲ್ಲೇ ಡಿ.ಕೆ. ಭೀಮಸೇನರಾಯರು ಕನ್ನಡ ಕಲಿಸಿದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ನಗರದ ಕನ್ನಡಿಗರಿಗೆ ಸೇರುವ ಜಾಗವಾಯಿತು. ಗೆದ್ದವರ ಹೆಸರು ಉಳಿಯುತ್ತದೆ. ಮೊದಲ ವರ್ಷವೇ ಊರಿಗೆ ಮರಳಿದವರ ಪಟ್ಟಿಯನ್ನು ಯಾರೂ ಇಡುವುದಿಲ್ಲ.

ಒಬ್ಬನ ಶಿಸ್ತು ಎಷ್ಟೇ ಗಟ್ಟಿಯಿದ್ದರೂ ಹೊತ್ತು ಅವನ ಕೈಯಲ್ಲೇ ಇರುವುದಿಲ್ಲ ಎಂಬುದು ಎರಡು ಸಲ ಕಂಡುಬಂತು. 1938ರ ಕೊನೆಯಲ್ಲಿ ಉಸ್ಮಾನಿಯಾ ಹಾಸ್ಟೆಲುಗಳಲ್ಲಿ ‘ವಂದೇ ಮಾತರಂ’ ಹಾಡುವುದನ್ನು ತಡೆದಾಗ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಚಳವಳಿ ಸಂಸ್ಥಾನದ ಇತರ ಕಾಲೇಜುಗಳಿಗೂ ಹಬ್ಬಿತು, ನೂರಾರು ಮಂದಿ ಕಾಲೇಜು ಬಿಡಬೇಕಾಯಿತು. ನಾಗಪುರ ವಿಶ್ವವಿದ್ಯಾಲಯ ಅವರಿಗೆ ಬಾಗಿಲು ತೆರೆಯಿತು. ಹಾಗೆ ಹೋದವರಲ್ಲಿ ಪಿ.ವಿ. ನರಸಿಂಹರಾವ್ ಒಬ್ಬರು. ಉರ್ದು ಮಾಧ್ಯಮದಿಂದ ಹೋದವರು ಅಲ್ಲಿ ಇಂಗ್ಲಿಷಿಗೆ ಹೊರಳಬೇಕಿತ್ತು. ಎರಡನೆಯದು, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರದ್ದು. ಉಸ್ಮಾನಿಯಾದ ಬೋಧನೆಯೇ ಇಂಗ್ಲಿಷಿಗೆ ಬದಲಾಯಿತು. ಕನ್ನಡದಿಂದ ಉರ್ದುವಿಗೆ ವರ್ಷಗಟ್ಟಲೆ ಹೊತ್ತು ತೆತ್ತವನು ಈಗ ಮತ್ತೆ ಮೊದಲಿನಿಂದ ತೆರಬೇಕು. ದಾರುಲ್ ತರ್ಜುಮಾದ ಪುಸ್ತಕಗಳು ಕಪಾಟು ಸೇರಿದವು.

ಇದೇ ಹೊತ್ತಿಗೆ ಅಮೆರಿಕದಲ್ಲಿ ‘ಓದುವ ಕೌಶಲ’ ಎಂಬುದು ಒಂದು ವಿದ್ಯೆಯಾಗಿ ರೂಪುಗೊಳ್ಳುತ್ತಿತ್ತು. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಫ್ರಾನ್ಸಿಸ್ ರಾಬಿನ್ಸನ್ 1940ರ ದಶಕದಲ್ಲಿ ಐದು ಹಂತಗಳ ಕ್ರಮವೊಂದನ್ನು ಪ್ರಚಾರಕ್ಕೆ ತಂದರು: ಅಧ್ಯಾಯದ ಮೇಲೆ ಕಣ್ಣಾಡಿಸು, ಪ್ರಶ್ನೆ ಹಾಕಿಕೋ, ಓದು, ಪುಸ್ತಕ ಮುಚ್ಚಿ ಹೇಳಿಕೋ, ಮತ್ತೆ ತಿರುವಿ ನೋಡು. ಇಂದಿನ ಬುದ್ಧಿಮಾತುಗಳಲ್ಲೂ ಅದರ ನೆರಳಿದೆ. ಒಳ್ಳೆಯ ಕ್ರಮವೇ. ಆದರೆ ಕಣ್ಣಾಡಿಸಿದರೆ ಅರ್ಥ ಹೊಳೆಯಬೇಕಾದರೆ ಭಾಷೆ ಕೈಗೆ ಬಂದಿರಬೇಕು. 1958ರಲ್ಲಿ ಹೈದರಾಬಾದಿನಲ್ಲಿ, ಉಸ್ಮಾನಿಯಾ ಆವರಣಕ್ಕೆ ಅಂಟಿಕೊಂಡಂತೆ, ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ತಲೆಯೆತ್ತಿದ್ದು ಈ ಕೊರತೆಯನ್ನು ತುಂಬುವುದಕ್ಕೇ: ಇಂಗ್ಲಿಷ್ ಕಲಿಸುವವರನ್ನು ತಯಾರು ಮಾಡಲು. ನಲವತ್ತು ವರ್ಷದ ಹಿಂದೆ ಇದೇ ಕೊರತೆಗೆ ಅನುವಾದವನ್ನು ಮದ್ದಾಗಿಸಿದ್ದ ಊರಿನಲ್ಲಿ ಈಗ ಮದ್ದೇ ಬದಲಾಗಿತ್ತು.

ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಇಂಗ್ಲಿಷ್ ಪಠ್ಯದ ಎದುರು ಕೂರುವ ಹುಡುಗಿಯ ಸ್ಥಿತಿ ಇಂದೂ ಬೇರೆಯಲ್ಲ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು 2021ರಲ್ಲಿ ಎಐಸಿಟಿಇ ಅವಕಾಶ ಕೊಟ್ಟಿತು. ಆದರೆ 1917ರ ಹೈದರಾಬಾದಿಗೆ ಗೊತ್ತಿದ್ದ ಸತ್ಯ ಹಳೆಯದಾಗಿಲ್ಲ: ಮೊದಲು ಪುಸ್ತಕ, ಆಮೇಲೆ ತರಗತಿ.

ಅಲ್ಲಿಯವರೆಗೆ ಆ ಹುಡುಗಿ ಮಾಡಬಹುದಾದದ್ದಿದೆ. ಗಂಟೆಗಳ ಬದಲು ಪುಟಗಳನ್ನು ಎಣಿಸಬಹುದು. ಒಂದು ಗಂಟೆಗೆ ತಾನು ಅರ್ಥ ಮಾಡಿಕೊಂಡು ಎಷ್ಟು ಪುಟ ಓದಬಲ್ಲೆ ಎಂದು ಮೊದಲ ವಾರದಲ್ಲೇ ಅಳೆದು, ಅದರ ಮೇಲೆ ವೇಳಾಪಟ್ಟಿ ಕಟ್ಟಬಹುದು. ಪ್ರತಿ ವಿಷಯಕ್ಕೂ ಬೇರು ಪದಗಳ ಒಂದು ಪಟ್ಟಿ ಮಾಡಿಕೊಳ್ಳಬಹುದು. ಓದಿದ್ದನ್ನು ಪುಸ್ತಕ ಮುಚ್ಚಿ ಕನ್ನಡದಲ್ಲಿ ಗೆಳತಿಗೆ ಹೇಳಬಹುದು. ಹೇಳಲು ಬಂದದ್ದೇ ಅರ್ಥವಾದದ್ದು. ಪಕ್ಕದ ಬೆಂಚಿನವಳು ಒಂದು ಗಂಟೆಯಲ್ಲಿ ಮುಗಿಸಿದ್ದಕ್ಕೆ ತನಗೆ ಮೂರು ಗಂಟೆ ಹಿಡಿದರೆ ತಾನು ದಡ್ಡಿ ಎಂದುಕೊಳ್ಳದೆ, ಎರಡು ಗಂಟೆ ಭಾಷೆಗೆ ತೆತ್ತ ಸುಂಕ ಎಂದು ಲೆಕ್ಕ ಹಾಕಬಹುದು. ಆ ಸುಂಕ ತಿಂಗಳು ತಿಂಗಳಿಗೆ ಇಳಿಯುತ್ತಾ ಬರುತ್ತದೆ.

‘ಔಕಾತ್’ ಎಂಬ ಪದಕ್ಕೆ ಉರ್ದುವಿನಲ್ಲಿ ಇನ್ನೊಂದು ಅರ್ಥವಿದೆ: ಒಬ್ಬನ ಅಂತಸ್ತು, ಯೋಗ್ಯತೆ. ಇಂದಿನ ಹೈದರಾಬಾದಿನ ಬೀದಿಮಾತಿನಲ್ಲೂ ಆ ಅರ್ಥವೇ ಹೆಚ್ಚು ಚಾಲ್ತಿಯಲ್ಲಿದೆ. ಮೊದಲ ವರ್ಷದ ವಿದ್ಯಾರ್ಥಿಯ ಓದಿನ ವೇಗವನ್ನು ನೋಡಿ ಅವನ ಯೋಗ್ಯತೆ ಅಳೆಯುವವರು ಈ ಎರಡು ಅರ್ಥಗಳನ್ನು ಬೆರೆಸುತ್ತಿದ್ದಾರೆ, ಅಷ್ಟೆ.