ಪಂಡಿತರ ಜಗಲಿಯಿಂದ ಚೇರಿಗೆ: ಮದರಾಸಿನ ಮಿಷನರಿಗಳ ತಮಿಳು ಕಲಿಕೆ

ಮದರಾಸಿನ ಮಿಷನರಿಗಳು ತಮಿಳು ಕಲಿತ ಚರಿತ್ರೆಯನ್ನು ನಿಘಂಟು, ವ್ಯಾಕರಣಗಳ ಪಟ್ಟಿಯಾಗಿ ಬರೆಯುವುದೇ ರೂಢಿ. ಅದು ಪಂಡಿತರ ತಮಿಳಿನ ಚರಿತ್ರೆ. ಹಳ್ಳಿಯಲ್ಲಿ ಅವರಿಗೆ ಮಾತು ಕಲಿಸಿದವರ ಹೆಸರು ಆ ಪುಸ್ತಕಗಳ ಮುನ್ನುಡಿಗಳಲ್ಲಿ ಸಿಗುವುದು ಅಪರೂಪ. ಈ ಲೋಪ ಆಕಸ್ಮಿಕವಲ್ಲ ಎಂಬುದು ನನ್ನ ವಾದ.

1706ರಲ್ಲಿ ತರಂಗಂಬಾಡಿಗೆ ಬಂದ ಮಿಷನರಿ ಝೀಗೆನ್‌ಬಾಲ್ಗ್ ಮಕ್ಕಳ ಜೊತೆ ಕುಳಿತು ಮರಳಿನ ಮೇಲೆ ಅಕ್ಷರ ತೀಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಮದರಾಸಿನ ಕಥೆ ಶುರುವಾಗುವುದು ಆ ಊರಿನ ವೆಪೇರಿ ಭಾಗದಲ್ಲಿ. 1761ರಲ್ಲಿ ಇಂಗ್ಲಿಷರು ಪುದುಚೇರಿಯ ಫ್ರೆಂಚರಿಂದ ವಶಪಡಿಸಿಕೊಂಡ ಅಚ್ಚಿನ ಯಂತ್ರ ಅಲ್ಲಿನ ಮಿಷನರಿ ಫ್ಯಾಬ್ರಿಸಿಯಸ್‌ನ ಕೈಸೇರಿತು. ಅವನ ತಮಿಳು-ಇಂಗ್ಲಿಷ್ ನಿಘಂಟು 1779ರಲ್ಲಿ ಹೊರಬಂತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಕಲಿಕೆಯ ಕೇಂದ್ರದಲ್ಲಿದ್ದವರು ರಾಮನಾಥಪುರ ಮೂಲದ ರಾಮಾನುಜ ಕವಿರಾಯರ್. ಲಂಡನ್ ಮಿಷನ್ನಿನ ಡ್ರೂ, ಅಮೆರಿಕನ್ ಮಿಷನ್ನಿನ ವಿನ್ಸ್‌ಲೋ, ಜಿ.ಯು. ಪೋಪ್ ಮೂವರೂ ಅವರ ಶಿಷ್ಯರು. 1840ರಲ್ಲಿ ಡ್ರೂ ಪ್ರಕಟಿಸಿದ ತಿರುಕ್ಕುರಳ್ ಆವೃತ್ತಿಯಲ್ಲಿ ಪರಿಮೇಲಳಗರ್ ವ್ಯಾಖ್ಯಾನಕ್ಕೆ ವಿಸ್ತರಣೆ ಬರೆದವರು ಕವಿರಾಯರೇ. 67 ಸಾವಿರಕ್ಕೂ ಹೆಚ್ಚು ಪದಗಳಿದ್ದ ವಿನ್ಸ್‌ಲೋ ನಿಘಂಟು 1862ರಲ್ಲಿ ಮದರಾಸಿನಲ್ಲಿಯೇ ಅಚ್ಚಾಯಿತು. (ಬಳ್ಳಾರಿಯಲ್ಲಿದ್ದ ರೀವ್‌ನ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾದದ್ದೂ ಮದರಾಸಿನಲ್ಲೇ. ಕನ್ನಡದ ಕೋಶಚರಿತ್ರೆ ಬರೆಯುವವರು ಈ ಊರನ್ನು ಬಿಟ್ಟು ಬರೆಯಲಾಗದು.)

ಈ ವಿದ್ವತ್ತು ದೊಡ್ಡದು. ಆದರೆ ಗೇಯುವವನ ಜೊತೆ ಬೆಳೆ, ಸಾಲ, ಜ್ವರದ ಮಾತಾಡಲು ಅದು ಸಾಲುತ್ತಿರಲಿಲ್ಲ. ಮಿಷನರಿ ಕಾಲ್ಡ್‌ವೆಲ್ 1838ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ, ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು ತಮಿಳು ಕಲಿತ. 1841ರಲ್ಲಿ ತಿರುನೆಲ್ವೇಲಿಗೆ ಹೊರಟಾಗ ನೇರ ದಾರಿ ಹಿಡಿಯದೆ ಕಾವೇರಿ ಬಯಲು, ನೀಲಗಿರಿ ಸುತ್ತಿ ನಡೆದೇ ಹೋದ. ನಾಡನ್ನೂ ಜನರನ್ನೂ ಕಾಣುವುದು ಉದ್ದೇಶ. ಆಮೇಲೆ ಇಡಯನ್‌ಗುಡಿಯ ತಾಳೆತೋಪುಗಳ ನಡುವೆಯೇ ನೆಲೆಸಿದ. 1856ರ ಅವನ ತೌಲನಿಕ ವ್ಯಾಕರಣದಲ್ಲಿ ಗ್ರಂಥಸ್ಥ ತಮಿಳಿನ ಜೊತೆಗೆ ಆಡುಮಾತಿಗೂ ಜಾಗವಿರುವುದಕ್ಕೆ ಈ ಬದುಕೂ ಒಂದು ಕಾರಣವೆಂದು ನಾನು ಓದುತ್ತೇನೆ. ಸಾಯರ್‌ಪುರಂನಲ್ಲಿದ್ದ ಪೋಪ್ ಕೂಡ ತನ್ನ ಕೈಪಿಡಿಯನ್ನು ಬರೆದದ್ದು ಬಳಕೆಯ ತಮಿಳಿಗೇ.

ಮದರಾಸಿಗೆ ತಾಗಿಕೊಂಡೇ ಇದ್ದ ಚೆಂಗಲ್ಪಟ್ಟು ಜಿಲ್ಲೆಯ ವಿಷಯ ಬೇರೆಯೇ. ಶತಮಾನದ ಕೊನೆಗೆ ಅಲ್ಲಿ ದುಡಿದ ವೆಸ್ಲಿಯನ್ ಮಿಷನ್ನಿನ ವಿಲಿಯಂ ಗೌಡಿ, ಸ್ಕಾಟಿಷ್ ಮಿಷನ್ನಿನ ಆಡಂ ಆಂಡ್ರೂ ಇಬ್ಬರ ಒಡನಾಟ ದಲಿತರ ಚೇರಿಗಳ ಜೊತೆ. ಪಂಡಿತರು ಕಾಲಿಡದ ಜಾಗ ಅದು. ಭಕ್ತಿಪದಗಳಿಗಿಂತ ಅಲ್ಲಿ ಬೇಕಾದದ್ದು ಜಮೀನಿನ ಮಾತು: ಜೀತದಾಳು ‘ಪಡಿಯಾಳ್’, ಊರಿನ ಒಡೆತನದ ಹಕ್ಕು ‘ಮಿರಾಸಿ’, ಪಾಳು ಭೂಮಿಗೆ ಹಾಕುವ ‘ದರಖಾಸ್ತು’. ಮನೆಯ ನೆಲವೂ ತಮ್ಮದಲ್ಲದವರ ದೂರು ಕೇಳದೆ ಇವುಗಳ ಅರ್ಥ ತಿಳಿಯುವಂತಿರಲಿಲ್ಲ.

ಆ ಕಲಿಕೆಯ ಫಲ ನಿಘಂಟಾಗಲಿಲ್ಲ, ಅರ್ಜಿಯಾಯಿತು. ಮಿಷನರಿಗಳು ಚೇರಿಯವರ ಪರವಾಗಿ ಭೂಮಿ ಕೇಳತೊಡಗಿದರು, ಪತ್ರಿಕೆಗಳಿಗೆ ಬರೆದರು. 1891ರಲ್ಲಿ ಜಿಲ್ಲೆಯ ಕಲೆಕ್ಟರ್ ಟ್ರೆಮೆನ್‌ಹೀರ್ ಇದೇ ಜನರ ಸ್ಥಿತಿಯ ಬಗ್ಗೆ ಸರ್ಕಾರಕ್ಕೆ ಟಿಪ್ಪಣಿ ಸಲ್ಲಿಸಿದ. ಮರುವರ್ಷ ಆ ಟಿಪ್ಪಣಿಯ ಮೇಲೆ ಮದರಾಸು ಸರ್ಕಾರದ ಆದೇಶವೂ ಬಂತು. ಅದರಿಂದ ಚೇರಿಯವರಿಗೆ ಸಿಕ್ಕ ನೆಲ ಮಾತ್ರ ಕಡಿಮೆ. ಅರ್ಜಿ ಬರೆಸುವವನು ಮಿಷನರಿಯಾದರೂ, ಅದರ ಮೇಲೆ ವರದಿ ಕೊಡುತ್ತಿದ್ದ ಕೆಳಹಂತದ ನೌಕರರು ಬಹುಮಟ್ಟಿಗೆ ಮಿರಾಸುದಾರರ ಕಡೆಯವರೇ.